ಗಿರಣಿಯ ಹಿಂಗೋಡೆಗೆ ಇಪ್ಪತ್ನಾಲ್ಕು ಶಾಟ್

ವಿಷಯ ಆರಿಸುವ ವಾರ ಬಂತೆಂದರೆ ನಮ್ಮೂರಿನ ಜನ ನಮ್ಮನ್ನು ಊಟಕ್ಕೆ ಕರೆಯಲು ಶುರುಮಾಡುತ್ತಾರೆ. ನಮ್ಮನ್ನು ಎಂದರೆ ಕಾಲೇಜಿನ ಚಲನಚಿತ್ರ ವಿಭಾಗದ ಕೊನೆಯ ವರ್ಷದ ಹನ್ನೊಂದು ಜನರನ್ನು. ವರ್ಷವೆಲ್ಲ ನಾವು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದರೆ ಕಿಟಕಿ ಮುಚ್ಚುವವರು, ಆ ಒಂದು ವಾರ ಹೋಳಿಗೆ ಮಾಡಿ ಬಾಗಿಲಲ್ಲಿ ಕಾಯುತ್ತಾರೆ. ಈ ಸಲ ಬುಧವಾರದ ಹೊತ್ತಿಗೆ ನಾನು ಏಳು ಮನೆಗಳಲ್ಲಿ ಉಂಡಿದ್ದೆ, ಯಾವ ವಿಷಯವನ್ನೂ ಆರಿಸಿರಲಿಲ್ಲ.

ನಮ್ಮೂರಿನಲ್ಲಿ ಯಾವುದರ ಚಿತ್ರ ತೆಗೆದರೂ ಅದು ತೆಗೆದವರ ಕಡೆಗೆ ಒಂದು ಗೇಣು ಸರಿಯುತ್ತದೆ. ಫೋಟೊ ಆದರೂ ಅಷ್ಟೇ, ಸಿನಿಮಾ ಆದರೂ ಅಷ್ಟೇ. ಗುಂಡಿ ಒತ್ತಿದ್ದಕ್ಕೆ ಒಂದು ಗೇಣು. ಒತ್ತಿ ಅರ್ಧ ಗಂಟೆ ಬಿಟ್ಟರೂ ಒಂದೇ ಗೇಣು. ಚೌಕಟ್ಟಿನ ನಟ್ಟನಡುವೆ ಇರುವುದು ಬರುತ್ತದೆ, ಅಕ್ಕಪಕ್ಕದ್ದು ಇದ್ದಲ್ಲೇ ಇರುತ್ತದೆ. ಮನುಷ್ಯರಾದರೆ ತೊಂದರೆಯಿಲ್ಲ, ಹಿಂದಕ್ಕೆ ನಡೆದುಕೊಂಡು ಹೋಗುತ್ತಾರೆ. ಮದುವೆಯ ಆಲ್ಬಮ್ ತೆಗೆಯುವಾಗ ಗಂಡುಹೆಣ್ಣು ಪ್ರತಿ ಫೋಟೊ ಆದ ಮೇಲೂ ಒಂದು ಹೆಜ್ಜೆ ಹಿಂದಿಡುವುದನ್ನು ನೋಡಿ, ಚಿಕ್ಕವಳಿದ್ದಾಗ ನಾನು ಅದನ್ನೂ ಒಂದು ಶಾಸ್ತ್ರ ಎಂದುಕೊಂಡಿದ್ದೆ. ಆದರೆ ಕಟ್ಟಡ, ಮರ, ಬಾವಿ ಹಾಗಲ್ಲ. ಬಂದವು ಬಂದವೇ. ಗಡಿಯಾರದ ಗೋಪುರ ಮೊದಲು ಪೇಟೆಯ ಚೌಕದಲ್ಲಿತ್ತಂತೆ. ನೋಡಲು ಬಂದವರೆಲ್ಲ ಕೆರೆ ಏರಿಯ ಮೇಲೆ ನಿಂತೇ ಅದರ ಚಿತ್ರ ತೆಗೆದರು. ಈಗ ಅದು ಕೆರೆ ಏರಿಯ ಮೇಲೆಯೇ ಇದೆ. ಪೇಟೆಯವರು ಹೊತ್ತು ಎಷ್ಟಾಯಿತೆಂದು ನೋಡಲು ಹತ್ತು ನಿಮಿಷ ನಡೆಯುತ್ತಾರೆ, ಮನೆಗೆ ಬಂದು ಅದಕ್ಕೆ ಹತ್ತು ನಿಮಿಷ ಕೂಡಿಸಿಕೊಳ್ಳುತ್ತಾರೆ.

ಆಮೇಲೆ ಪುರಸಭೆ ಎಚ್ಚೆತ್ತಿತು. ಈಗ ಊರೊಳಗೆ ಬರುವವರ ಫೋನಿನ ಕಣ್ಣಿಗೆ ನಾಕಾದಲ್ಲೇ ಕಪ್ಪು ಟೇಪು ಅಂಟಿಸುತ್ತಾರೆ. ಸ್ಟುಡಿಯೋದವರು ಮನುಷ್ಯರನ್ನು ಮಾತ್ರ ತೆಗೆಯಬಹುದು. ತಾನಾಗಿ ನಡೆಯಲಾರದ್ದನ್ನು ತೆಗೆಯುವ ಪರವಾನಗಿ ಇರುವುದು ನಮ್ಮ ಹನ್ನೊಂದು ಜನಕ್ಕೆ, ಅದೂ ಸಾಕ್ಷ್ಯಚಿತ್ರದ ಲೆಕ್ಕದಲ್ಲಿ: ಒಬ್ಬರಿಗೆ ಒಂದು ವಿಷಯ, ಒಂದು ದಿಕ್ಕು, ಇಪ್ಪತ್ನಾಲ್ಕು ಶಾಟ್. ಅರ್ಜಿಯಲ್ಲಿ ‘ವಿಷಯ’ ಎಂಬಲ್ಲಿ ಒಮ್ಮೆ ಬರೆದರೆ ಬದಲಾಯಿಸುವಂತಿಲ್ಲ. ಅದರ ಕೆಳಗೆ ‘ಯಾವ ಕಡೆಯಿಂದ’, ಅದರ ಕೆಳಗೆ ಆ ಕಡೆಯ ನೆರೆಯವರ ಸಹಿ, ಕೊನೆಯಲ್ಲಿ ಮಾರ್ಗದರ್ಶಕರ ಸಹಿ. ಹೊರಗಿನಿಂದ ಬರುವ ಪರೀಕ್ಷಕರು ನಮ್ಮ ಚಿತ್ರಗಳಲ್ಲಿ ಶಾಟ್‌ಗಳು ಎಷ್ಟು ದೀರ್ಘ, ಈ ವಯಸ್ಸಿಗೆ ಎಂಥ ತಾಳ್ಮೆ ಎಂದು ಹೊಗಳುತ್ತಾರೆ. ಅದು ತಾಳ್ಮೆಯಲ್ಲ, ಜುಗ್ಗತನ.

ಹೀಗಾಗಿ ನಮ್ಮೂರಿನ ಸಾಕ್ಷ್ಯಚಿತ್ರಗಳೆಲ್ಲ ನಿಜಕ್ಕೂ ಸಾಗಾಣಿಕೆಯ ಕೆಲಸಗಳು. ನನ್ನ ಜೊತೆಯ ಯೂನುಸ್ ಹುಣಸೆಮರದ ಬಗ್ಗೆ ಮಾಡುತ್ತಿದ್ದ. ಅರ್ಜಿಯಲ್ಲಿ ‘ಮರ ಮತ್ತು ನೆನಪು’ ಎಂದು ಬರೆದಿದ್ದರೂ ಉದ್ದೇಶ ಬಸ್‌ಸ್ಟಾಪಿಗೆ ನೆರಳು ತರುವುದು. ನನಗಂತೂ ಮನೆಯಲ್ಲೇ ಒಬ್ಬರು ಕಾಯುತ್ತಿದ್ದರು. ಬೀದಿಯ ನಲ್ಲಿ ನಮ್ಮ ಹೊಸ್ತಿಲಿನಿಂದ ಸರಿಯಾಗಿ ಇಪ್ಪತ್ನಾಲ್ಕು ಗೇಣು ದೂರ ಇದೆ. ಅಮ್ಮ ಅದನ್ನು ಮೂರು ವರ್ಷದ ಹಿಂದೆ, ನಾನು ಕಾಲೇಜಿಗೆ ಸೇರಿದ ದಿನವೇ ಕೈಯಲ್ಲಿ ಅಳೆದು ಇಟ್ಟಿದ್ದಳು.

“ನೀನೇನೂ ನನಗೋಸ್ಕರ ಮಾಡ್ಬೇಡ,” ಎಂದಳು, ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು. “ನೀರಿನ ಬಗ್ಗೆ ಎಷ್ಟೊಂದು ಹೇಳ್ಬಹುದು. ನೀರೇ ಜೀವನ ಅಂತ ಇಟ್ಕೋ ಹೆಸರು. ನಿಂಗೆ ತೋಚದಿದ್ರೆ ಅಂತ ಹೇಳ್ದೆ.”

ನನಗೆ ನಲ್ಲಿ ಇಷ್ಟವಿರಲಿಲ್ಲ. ಗೋಪುರ, ಬಾವಿ, ಮರ ಯಾವುದೂ ಇಷ್ಟವಿರಲಿಲ್ಲ. ಯಾರೂ ಮಾಡದ್ದನ್ನು ಮಾಡಬೇಕು ಎಂಬ ಹಟ ಒಂದಿತ್ತು, ಅದು ಏನು ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಸ್ಥಿತಿಯಲ್ಲಿಯೇ ಗುರುವಾರ ಬೆಳಿಗ್ಗೆ ರಾಗಿಯ ಡಬ್ಬ ಹಿಡಿದು ತಾಯಕ್ಕನ ಗಿರಣಿಗೆ ಹೋದೆ.

ತಾಯಕ್ಕ ಎಂದರೆ ಪುಟ್ಟತಾಯಮ್ಮ. ಐವತ್ತೈದು ದಾಟಿದ ಗಟ್ಟಿ ಆಳು. ನೂರು ಕೇಜಿ ಚೀಲವನ್ನು ನೆಲದ ಮೇಲೆ ಎಳೆದುಕೊಂಡು ಬರುವಾಗಲೂ ಮಾತು ನಿಲ್ಲಿಸುವುದಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲದರ ಮೇಲೂ ಸದಾ ಹಿಟ್ಟು. ಅವತ್ತು ಗಿರಣಿಯ ಒಳಗೆ ಸೊಂಟದ ಎತ್ತರಕ್ಕೆ ಒಂದು ಕೆಂಪು ದಾರ ಅಡ್ಡಲಾಗಿ ಹಾದುಹೋಗಿತ್ತು. ಈ ಪಕ್ಕದ ಕಿಟಕಿಯಿಂದ ಒಳಗೆ ಬಂದು ಆ ಪಕ್ಕದ ಕಿಟಕಿಯಿಂದ ಹೊರಗೆ ಹೋಗಿ, ಎರಡೂ ಕಡೆ ಪುರಸಭೆಯವರು ನೆಟ್ಟ ಕಲ್ಲುಗಳಿಗೆ ಕಟ್ಟಿಕೊಂಡಿತ್ತು. ತಾಯಕ್ಕ ಅದರ ಮೇಲೆ ಆಗಲೇ ಎರಡು ಒರೆಸುವ ಬಟ್ಟೆ ನೇತುಹಾಕಿದ್ದರು.

“ಬಗ್ಗಿ ಬಾರವ್ವಾ ಹೇಮಿ,” ಎಂದರು. “ಆ ಕಡೆ ನಿಂತ್ರೆ ರಸ್ತೇಲಿ ನಿಂತಂಗೆ.”

“ಏನಿದು ತಾಯಕ್ಕ?”

“ಟೌನ್ ಬಸ್ಸು ಬತ್ತದಂತೆ ಈ ಬೀದೀಗೆ. ದಾರದಿಂದ ಈ ಕಡೆ ನಂದು, ಆ ಕಡೆ ರಸ್ತೇದು. ಮೋಟಾರು ನಂದು, ಕಲ್ಲು ರಸ್ತೇದು. ಇನ್ನೊಂಬತ್ತು ದಿನಕ್ಕೆ, ಶನಿವಾರ ಸಂಜೆ ಐದು ಗಂಟೆಗೆ ಬಂದು ಕೆಡವ್ತಾರೆ. ಅರ್ಧ ಗಿರಣಿ ಏನು ಬೀಸ್ತದೆ ಹೇಳು? ಹಂಗಾಗಿ ಪೂರ್ತಿನೇ ಕೆಡವಿ ಅಂದೆ.” ಹೀಗೆ ಹೇಳುತ್ತಲೇ ನನ್ನ ರಾಗಿ ಸುರಿದು, ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಡಬ್ಬದ ಬಾಯಿಗೆ ಸರಿಮಾಡಿದರು. “ಖಾರದಪುಡಿ ಮಾಡ್ಸೋದಿದ್ರೆ ಈ ಬುಧವಾರವೇ ಮಾಡ್ಸಿಬಿಡಿ ಅಂತ ನಿಮ್ಮಮ್ಮಂಗೆ ಹೇಳು.”

ಗಿರಣಿ ರಸ್ತೆಯೊಳಗೆ ಹೇಗೆ ಬಂತು ಎಂಬುದು ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ಶಾಟ್‌ಗಳಿಗೆ ಇಷ್ಟು ಬಿಗಿ ಇಲ್ಲದಿದ್ದಾಗ, ಒಬ್ಬ ವಿದ್ಯಾರ್ಥಿ ಎದುರಿನ ಕಟ್ಟೆಯ ಮೇಲೆ ಟ್ರೈಪಾಡ್ ಇಟ್ಟು ಇಪ್ಪತ್ತೇಳು ಶಾಟ್ ತೆಗೆದು ರಾಜ್ಯಮಟ್ಟದ ಬಹುಮಾನ ತಂದಿದ್ದ. ಗಿರಣಿ ಇಪ್ಪತ್ತೇಳು ಗೇಣು ಮುಂದೆ ಬಂದಿತ್ತು. ಆಗ ಅದು ಖಾಲಿ ಬೀದಿ, ಯಾರಿಗೂ ಅಡ್ಡಿಯಾಗಲಿಲ್ಲ.

“ನಂಗೇನು ಬೇಜಾರಿಲ್ಲ,” ಎಂದರು ತಾಯಕ್ಕ. “ಆ ಹುಡುಗ ದಿನಾ ಬರೋನು, ನಾನು ದಿನಾ ಸೀರೆ ಬದಲಾಯಿಸೋಳು. ಗಿರಣಿ ಗಿರಾಕಿಗಳಿಗೆ ಹತ್ರ ಹೋಯ್ತಾ ಅದೆ ಅಂತ ಖುಷಿನೇ ಆಗಿತ್ತು.” ಆಮೇಲೆ ನನ್ನ ಡಬ್ಬದ ಮುಚ್ಚಳ ಹಾಕಿ ಅದರ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

ಇಡೀ ವಾರ ನನ್ನನ್ನು ಊಟಕ್ಕೆ ಕರೆಯದವರು ಅವರೊಬ್ಬರೇ. ಡಬ್ಬ ಹೊತ್ತು ಮನೆಗೆ ಬರುವಷ್ಟರಲ್ಲಿ ನನ್ನ ವಿಷಯ ಗೊತ್ತಾಗಿತ್ತು. ಗಿರಣಿ ಮುಂದಿನಿಂದ ಎಳೆಸಿಕೊಂಡು ಬಂದಿದೆ. ಹಿಂದಿನಿಂದ ತೆಗೆದರೆ ಹಿಂದಕ್ಕೆ ಹೋಗಬೇಕು. ರಸ್ತೆ ಬಿಡಲು ಇಪ್ಪತ್ತೊಂದು ಗೇಣು ಹೋದರೆ ಸಾಕು ಎಂದು ದಾರ ಕಟ್ಟಿದ ಜಯಶೀಲಮ್ಮನೇ ಲೆಕ್ಕ ಹಾಕಿ ಹೇಳಿದರು. ಇವರು ಪುರಸಭೆಯ ಗೇಣು ಗುಮಾಸ್ತೆ, ಗೇಣಿಗೊಂದು ಗಂಟು ಹಾಕಿದ ಹಗ್ಗ ಯಾವಾಗಲೂ ಹೆಗಲ ಮೇಲಿರುತ್ತದೆ. ನನ್ನ ಹತ್ತಿರ ಇಪ್ಪತ್ನಾಲ್ಕು ಶಾಟ್ ಇದ್ದವು. ಮೂರು ಹೆಚ್ಚಿಗೆ.

ಅಮ್ಮನಿಗೆ ಹೇಳಿದಾಗ ಅವಳು ಬಿಂದಿಗೆ ಕೆಳಗಿಟ್ಟು ನಲ್ಲಿಯ ಕಡೆ ಒಮ್ಮೆ ನೋಡಿದಳು, ರಾಗಿ ಡಬ್ಬದ ಕಡೆ ಒಮ್ಮೆ ನೋಡಿದಳು. “ನೀರು ಹೆಂಗೋ ಹೊರ್ತೀನಿ,” ಎಂದಳು. “ಬೀಸೋಕಂತೂ ನನ್ನಿಂದ ಆಗಲ್ಲ. ಆದ್ರೆ ನಿಮ್ಮ ಮೇಷ್ಟ್ರು ಒಪ್ತಾರಾ?”

ಅದೇ ಕಷ್ಟವಾಗಿತ್ತು. ನಾಲ್ಕು ವರ್ಷದ ಹಿಂದಿನ ಆ ಬಹುಮಾನದ ವಿದ್ಯಾರ್ಥಿಯೇ ಈಗ ನಮಗೆ ಪಾಠ ಹೇಳುವ ಆರಾಧ್ಯ ಸರ್. ಆ ಚಿತ್ರದಿಂದಲೇ ಅವರಿಗೆ ಕೆಲಸ ಸಿಕ್ಕಿದ್ದು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಹಿಂದೆ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

“ಗಿರಣಿ ಆಗಿಹೋದ ವಿಷಯ ಕಣಮ್ಮ,” ಎಂದರು ನನ್ನ ಅರ್ಜಿ ನೋಡಿ. “ನಾನೇ ಮಾಡಿಬಿಟ್ಟಿದೀನಿ.”

“ನೀವು ಮುಂದಿನಿಂದ ಮಾಡಿದ್ರಿ ಸರ್. ನಾನು ಹಿಂದಿನಿಂದ.”

“ಹಿಂದೆ ಏನಿದೆ?”

“ಗೋಡೆ.”

“ಗೋಡೆ ಸರಿ. ಕಥೆ ಎಲ್ಲಿದೆ? ಪಾತ್ರ ಎಲ್ಲಿ? ಗೋಡೆಯನ್ನ ಇಪ್ಪತ್ನಾಲ್ಕು ಸಲ ತೋರಿಸಿದ್ರೆ ಪರೀಕ್ಷಕರು ಎದ್ದು ಹೋಗ್ತಾರೆ. ನೀನು ಬುದ್ಧಿವಂತೆ. ಒಳ್ಳೇ ಬಾವಿ ಯಾವುದಾದ್ರೂ ನೋಡು.”

ನಾನು ಕೆಂಪು ದಾರದ ವಿಷಯ ಹೇಳಿದೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದವರು ಮಾತ್ರ ಹಾಗೆ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾರೆ. “ಅದು ಪುರಸಭೆಯ ಸಮಸ್ಯೆ,” ಎಂದರು. “ನಾನೇನು ರಸ್ತೆ ಮಾಡಿಸಿದ್ನಾ?”

“ಸರ್, ನಿಮ್ಮ ಚಿತ್ರ ಇನ್ನೊಂದು ಸಲ ನೋಡೋಣ್ವಾ?”

ತಮ್ಮ ಚಿತ್ರ ನೋಡೋಣ ಎಂದರೆ ಬೇಡ ಎನ್ನುವ ನಿರ್ದೇಶಕ ಇನ್ನೂ ಹುಟ್ಟಿಲ್ಲ. ಲ್ಯಾಪ್‌ಟಾಪು ತೆರೆದರು. ಮೊದಲ ಶಾಟ್‌ನಲ್ಲಿ ಗಿರಣಿ ದೂರದಲ್ಲಿ ಬೆಂಕಿಪೊಟ್ಟಣದಷ್ಟಿತ್ತು. ಚೌಕಟ್ಟಿನ ನಡುವಿನಿಂದ ತುಸು ಪಕ್ಕಕ್ಕೆ, ಬಾಗಿಲಿಗೆ ಒರಗಿದ ನೀಲಿ ಸೀರೆಯ ತಾಯಕ್ಕ. ಎರಡನೆಯದರಲ್ಲಿ ಸ್ವಲ್ಪ ದೊಡ್ಡದು, ಹಸಿರು ಸೀರೆ. ಹತ್ತನೆಯದರಲ್ಲಿ ತಾಯಕ್ಕನ ನಗು ಕಾಣುತ್ತಿತ್ತು, ಇಪ್ಪತ್ತರಲ್ಲಿ ಅವರ ಹಲ್ಲಿನ ಸಂದಿಯೂ. ತರಗತಿಯಲ್ಲಿ ಸರ್ ಇದನ್ನು ಮೂರು ವರ್ಷದಿಂದ ವಿವರಿಸುತ್ತಾ ಬಂದಿದ್ದರು: ಕಲಾವಿದ ತನ್ನ ವಸ್ತುವಿಗೆ ಹೆಜ್ಜೆಹೆಜ್ಜೆಯಾಗಿ ಹತ್ತಿರವಾಗುವ ಬಗೆ. ನಾವು ಟಿಪ್ಪಣಿ ಬರೆದುಕೊಂಡಿದ್ದೆವು.

“ಟ್ರೈಪಾಡ್ ಎಲ್ಲಿಟ್ಟಿದ್ರಿ ಸರ್?”

“ಎದುರಿನ ಕಟ್ಟೆ ಮೇಲೆ.”

“ಕೊನೇವರೆಗೂ?”

ಅವರು ಚಿತ್ರ ನಿಲ್ಲಿಸಿದರು. ಪರದೆಯ ಒಂದು ಪಕ್ಕದಲ್ಲಿ ದೊಡ್ಡದಾಗಿ ತಾಯಕ್ಕನ ಮುಖ. “ನಾನು ಝೂಮೂ ಮಾಡಿರ್ಲಿಲ್ಲ,” ಎಂದರು ನಿಧಾನವಾಗಿ. “ಕಟ್ಟೆಯಿಂದ ಕೆಳಗೇ ಇಳಿದಿರ್ಲಿಲ್ಲ ನಾನು. ಅವರೇ ಬಂದ್ರು.” ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಈ ಸಲ ಹಾಕದೆ, ಅರ್ಜಿಗೆ ಸಹಿ ಮಾಡಿದರು. “ಪರೀಕ್ಷಕರು ಎದ್ದು ಹೋದ್ರೆ ನನ್ನ ಬೈಯಬಾರದು,” ಎಂದೂ ಸೇರಿಸಿದರು.

ಇನ್ನು ಉಳಿದದ್ದು ನೆರೆಯವರ ಸಹಿ. ಗಿರಣಿಯ ಹಿಂದಿನ ಮನೆ ಡ್ರಿಲ್ ಮೇಷ್ಟ್ರು ಚೆಲುವರಾಜು ಅವರದು. ನಿವೃತ್ತರಾಗಿ ಆರು ವರ್ಷವಾದರೂ ಬಿಳಿ ಚಡ್ಡಿ, ಕೊರಳಲ್ಲಿ ಸೀಟಿ ಬಿಟ್ಟಿಲ್ಲ. ಗಿರಣಿ ಮುಂದಕ್ಕೆ ಹೋದಾಗ ಅವರ ಹಿತ್ತಿಲಿಗೂ ಗಿರಣಿಯ ಗೋಡೆಗೂ ನಡುವೆ ಇಪ್ಪತ್ತಡಿ ಜಾಗ ಬಿಚ್ಚಿಕೊಂಡಿತ್ತು. ಅದನ್ನು ಅವರು ದಮ್ಮಸ್ಸು ಹಾಕಿ, ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದು ಶಟಲ್ ಕೋರ್ಟ್ ಮಾಡಿಕೊಂಡಿದ್ದರು.

“ಸಾಧ್ಯವೇ ಇಲ್ಲ!” ಎಂದರು. ಅವರು ಮಾತಾಡಿದರೆ ಮೈದಾನದ ಆ ಕೊನೆಗೆ ಕೇಳಬೇಕು, ನಾನು ಎದುರಿಗೇ ನಿಂತಿದ್ದರೂ. “ಇಪ್ಪತ್ತಡಿ ಅಗಲ, ನಲವತ್ನಾಲ್ಕು ಅಡಿ ಉದ್ದ. ಅಂತಾರಾಷ್ಟ್ರೀಯ ಅಳತೆ! ಈ ಊರಲ್ಲಿ ಇನ್ನೆಲ್ಲಾದ್ರೂ ಇದೆಯಾ?”

“ಇಲ್ಲ ಸರ್.”

“ಮತ್ತೆ?”

ಗಿರಣಿಯ ಹಿಂಗೋಡೆಯಲ್ಲಿ ಒಂದು ಕಂಬಿಯ ಕಿಟಕಿ ಇದೆ. ಅದರ ಹಿಂದಿನಿಂದ ದನಿ ಬಂತು. “ಯಾರ ಜೊತೆ ಆಡ್ತೀರಾ ಮೇಷ್ಟ್ರೇ ಅದ್ರಲ್ಲಿ? ನಾಲ್ಕು ವರ್ಷದಿಂದ ನೋಡ್ತಾ ಇವ್ನಿ. ಈ ಕಡೆಯಿಂದ ಹೊಡೀತೀರಾ, ಆ ಕಡೆ ನಡ್ಕೊಂಡೋಗಿ ಎತ್ಕೊಂಡು ಮತ್ತೆ ಈ ಕಡೆಗೆ ಹೊಡೀತೀರಾ.”

“ಅದು ಸರ್ವಿಸ್ ಅಭ್ಯಾಸ!” ಮೇಷ್ಟ್ರ ಕಿವಿ ಕೆಂಪಾಯಿತು. “ನಿಮಗೆ ಗೊತ್ತಾಗಲ್ಲ ತಾಯಮ್ಮ.”

“ಶುರುನಲ್ಲಿ ಎರಡು ಹೈಕ್ಳು ಬರೋವು. ಸರ್ವಿಸ್ ತಪ್ಪಾಯ್ತು ಅಂತ ಸುತ್ತ ಹತ್ತು ರೌಂಡು ಓಡ್ಸುದ್ರಿ. ಓಡ್ತಾ ಓಡ್ತಾ ಹಂಗೇ ಮನೆಗೆ ಹೋದ್ವು.”

“ಶಿಸ್ತು ಬೇಡ್ವಾ?”

“ಬೇಕು ಬೇಕು. ಗಿರಣಿ ಬಿದ್ದೋದ ಮೇಲೆ ನಿಮ್ಮ ಮುದ್ದೆಗೆ ಹಿಟ್ಟು ಎಲ್ಲಿಂದ ತತ್ತೀರಾ? ಕೆರೆ ಆಚೆ ಗಿರಣಿಗೆ ರೌಂಡು ಹೊಡೀರಿ, ಒಳ್ಳೆ ಅಭ್ಯಾಸ ಆಯ್ತದೆ.” ಕಿಟಕಿಯ ಬಾಗಿಲು ಮುಚ್ಚಿಕೊಂಡಿತು.

ಮೇಷ್ಟ್ರು ನೆಟ್‌ನ ಹಗ್ಗ ಬಿಗಿ ಮಾಡಿದರು. ಆಮೇಲೆ, ಮೈದಾನದ ದನಿಯಲ್ಲಲ್ಲ, ನನಗೆ ಮಾತ್ರ ಕೇಳುವ ಹಾಗೆ ಕೇಳಿದರು. “ಈ ನಿನ್ನ ಚಿತ್ರದಲ್ಲಿ ಬರೀ ಗೋಡೆ ಇರುತ್ತಾ?”

“ನಡುವೆ ಗೋಡೆ ಇರಬೇಕು ಸರ್. ಪಕ್ಕದಲ್ಲಿ ಯಾರಾದ್ರೂ ಇರಬಹುದು.”

“ಪಕ್ಕ ಅಂದ್ರೆ ಎಷ್ಟು ಪಕ್ಕ?”

“ಎಡಗಡೆ ಅಂಚಿನಲ್ಲಿ.”

“ಸ್ಮ್ಯಾಷ್ ಮಾಡುವಾಗ ಕೈ ಪೂರ್ತಿ ಕಾಣುತ್ತಾ?”

“ಕಾಣುತ್ತೆ.”

“ರಾಜ್ಯಮಟ್ಟಕ್ಕೆ ಹೋಗುತ್ತೆ, ಅಲ್ವಾ?” ಅರ್ಜಿಯನ್ನು ರ‍್ಯಾಕೆಟ್ ಮೇಲಿಟ್ಟು ಸಹಿ ಮಾಡಿದರು. “ಕೋರ್ಟ್ ಹೋದ್ರೂ ಹೋಗಿದ್ದು ದಾಖಲೆ ಆಗುತ್ತೆ,” ಎಂದರು. ಅವರಿಗೆ ಕೋರ್ಟ್ ಕಳೆದುಕೊಳ್ಳುವುದಕ್ಕಿಂತ ಅದರಲ್ಲಿ ಯಾರಿಗೂ ಕಾಣದೆ ಆಡುವುದೇ ಹೆಚ್ಚು ಸಂಕಟವಾಗಿತ್ತೆಂದು ನನಗೆ ಆಗ ತಿಳಿಯಿತು.

ಪರವಾನಗಿ ಬಂದದ್ದು ಮರುವಾರದ ಶುಕ್ರವಾರಕ್ಕೆ ಮತ್ತು ಶನಿವಾರಕ್ಕೆ. ಶುಕ್ರವಾರ ಬೆಳಿಗ್ಗೆ ಮೇಷ್ಟ್ರ ಹಿಂದಿನ ಜಗಲಿಯ ಮೇಲೆ ಟ್ರೈಪಾಡ್ ಇಟ್ಟೆ. ಮುಂದಿನ ಬೀದಿಯಲ್ಲಿ ಜಯಶೀಲಮ್ಮ ಕೆಂಪು ದಾರ ಬಿಚ್ಚಿ ಸುತ್ತಿಟ್ಟುಕೊಂಡು, ಗಂಟಿನ ಹಗ್ಗ ಹಿಡಿದು ಕೂತರು. ಆರಾಧ್ಯ ಸರ್ ಕೂಡ ಅಲ್ಲೇ ನಿಂತರು. ಒಂದೊಂದು ಶಾಟ್ ಆದ ಮೇಲೂ ಗಿರಣಿ ಎಷ್ಟು ಹೋಯಿತೆಂದು ಕೂಗಿ ಹೇಳುವುದು ಅವರ ಕೆಲಸ. ಲೈನ್‌ಮನ್ ಒಬ್ಬ ಕಂಬದ ಮೇಲೆ ಹತ್ತಿ ಗಿರಣಿಯ ವೈರು ಸಡಿಲ ಬಿಡುತ್ತಿದ್ದ. ತಾಯಕ್ಕ ಗಿರಣಿ ನಿಲ್ಲಿಸಲಿಲ್ಲ. “ನಿಲ್ಸುದ್ರೆ ನಿಂತೋದ ಗಿರಣಿ ಚಿತ್ರ ಆಯ್ತದೆ,” ಎಂದರು.

ಮೊದಲ ಶಾಟ್‌ಗೆ ಗುಂಡಿಯ ಮೇಲೆ ಬೆರಳಿಟ್ಟೆ. ಎಡಗಡೆ ಅಂಚಿನಲ್ಲಿ ಮೇಷ್ಟ್ರು ಸರ್ವಿಸ್ ಮಾಡಿದರು. ಶಟಲ್ ಆ ಕಡೆ ಬಿತ್ತು. ನಾಲ್ಕು ವರ್ಷದ ಅಭ್ಯಾಸ ನೋಡಿ, ಅದನ್ನು ಎತ್ತಿಕೊಳ್ಳಲು ಅವರು ಚೌಕಟ್ಟಿನ ನಟ್ಟನಡುವೆ ನಡೆದುಕೊಂಡು ಹೋದರು, ಗುಂಡಿ ಪೂರ್ತಿ ಕೂರುವ ಆ ಗಳಿಗೆಗೆ ಸರಿಯಾಗಿ. ಒಂದು ಗೇಣು ನನ್ನ ಕಡೆಗೆ ಜಾರಿದರು. ಮುಂದಿನಿಂದ ಸರ್ ಕೂಗಿದರು: “ಏನೂ ಕದಲಿಲ್ಲ!”

ಎರಡನೆಯದರಲ್ಲಿ ನೆಟ್‌ನ ಈ ಕಡೆಯ ಕಂಬ ನಡುವೆ ಬಂದಿತ್ತು. ನನ್ನದೇ ತಪ್ಪು, ಗೋಡೆಯನ್ನೇ ನೋಡುತ್ತಿದ್ದವಳಿಗೆ ಮುಂದಿದ್ದ ಕಂಬ ಕಾಣಲಿಲ್ಲ. ಕಂಬ ಬುಡಸಮೇತ ನನ್ನ ಕಡೆಗೆ ಸರಿದು ನೆಟ್ ಟಣ್ಣೆಂದು ಬಿಗಿಯಿತು. ನಾನು ಏನೂ ಹೇಳುವ ಮೊದಲೇ ಮೇಷ್ಟ್ರು ಬಂದು ಎರಡೂ ಕಂಬ ಕಿತ್ತು, ನೆಟ್ ಬಿಚ್ಚಿ, ಧೂಳು ಕೊಡವಿ, ಮಡಿಕೆ ಕೆಡದ ಹಾಗೆ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದಿದ್ದರು.

ಮೂರನೆಯದು ಯಾಕೆ ಹಾಳಾಯಿತು ಎಂದರೆ, ಎರಡು ಹಾಳಾದುದಕ್ಕೆ ತಡೆಯಲಾರದೆ ಆರಾಧ್ಯ ಸರ್ ಹಿಂದಕ್ಕೆ ಓಡಿಬಂದರು. “ಚೌಕಟ್ಟು ಹೀಗಲ್ಲ, ಹೀಗೆ!” ಎಂದು ಲೆನ್ಸಿನ ಮುಂದೆ ಕೈ ಚಾಚಿ ತೋರಿಸಿದರು. ನನ್ನ ಬೆರಳು ಗುಂಡಿಯ ಮೇಲಿತ್ತು. ಸರ್ ಅವರ ಕೈ ಒಂದು ಗೇಣು ಮುಂದೆ ಬಂತು, ಹಿಂದೆಯೇ ಸರ್ ಬಂದರು, ನನ್ನ ಮೂಗಿಗೆ ಅವರ ವಾಚು ಬಡಿಯಿತು.

“ಕ್ಯಾಮೆರಾ ಮುಂದೆ ನಿಲ್ಲಬಾರದು ಅಂತ ಮೂರು ವರ್ಷದಿಂದ ಯಾರು ಹೇಳ್ಕೊಟ್ಟಿದ್ದು?” ಎಂದೆ, ಸಿಟ್ಟಿನಲ್ಲಿ ಸರ್ ಎಂದು ಸೇರಿಸುವುದನ್ನೂ ಮರೆತು.

“ಹೋಗ್ತೀನಿ, ಹೋಗ್ತೀನಿ,” ಎಂದು ಅವರು ಹಿಂದೆ ತಿರುಗಿ ನೋಡದೆ ಬೀದಿಗೆ ಓಡಿದರು.

ಇಪ್ಪತ್ತೊಂದು ಶಾಟ್ ಉಳಿದವು. ಬೇಕಿದ್ದದ್ದೂ ಇಪ್ಪತ್ತೊಂದೇ.

ಆಮೇಲೆ ನಾವು ನಾಲ್ಕೂ ಜನ ಬಿಗಿಯಾದೆವು. ನಾನು ಗುಂಡಿ ಒತ್ತುವ ಮೊದಲು ಮೂರು ಸಲ ನಡುವೆ ಏನಿದೆ ಎಂದು ನೋಡಿದೆ. ಮೇಷ್ಟ್ರು ತಮಗೆ ತಾವೇ ಸುಣ್ಣದ ಗೆರೆ ಎಳೆದುಕೊಂಡು ಅದನ್ನು ದಾಟಲಿಲ್ಲ; ಆಚೆ ಬಿದ್ದ ಶಟಲ್‌ಗಳನ್ನು ಬಿಟ್ಟು ಡಬ್ಬದಿಂದ ಹೊಸದನ್ನು ತೆಗೆದರು. ಗಿರಣಿ ಗುರುಗುಟ್ಟುತ್ತಾ ಗೇಣುಗೇಣಾಗಿ ನನ್ನ ಕಡೆಗೆ ಬರತೊಡಗಿತು. ಬೆಳಗಿನ ಬಿಸಿಲಿನಲ್ಲಿ ಒಂದು ಶಾಟ್, ನೆತ್ತಿಯ ಬಿಸಿಲಿನಲ್ಲಿ ಒಂದು, ಗೋಡೆಯ ಮೇಲೆ ಪಾರಿವಾಳ ಕೂತಾಗ ಒಂದು. ನನಗೆ ಗಿರಣಿ ಉಳಿಸುವುದರ ಜೊತೆಗೆ ಒಂದು ಚಿತ್ರವೂ ಬೇಕಿತ್ತಲ್ಲ. ಮುಂದಿನ ಬಾಗಿಲ ಒಳಗೆ ಸಾಲಾಗಿ ಕೂತ ಹೆಂಗಸರು ಡಬ್ಬಗಳ ಸಮೇತ ಹಿಂದಕ್ಕೆ ಹೋಗುತ್ತಿದ್ದರು. ಪ್ರತಿ ಗೇಣಿಗೂ “ಕ್ಯೂ ಮುಂದೆ ಹೋಯ್ತು!” ಎಂದು ಯಾರೋ ಖುಷಿಪಡುವುದು, ಇನ್ಯಾರೋ “ನಿನ್ನ ತಲೆ, ಗಿರಣಿ ಹೋಗಿದ್ದು” ಎನ್ನುವುದು ನಮಗೆ ಕೇಳುತ್ತಿತ್ತು. ಶುಕ್ರವಾರ ಕತ್ತಲಾಗುವ ಮೊದಲು ಹನ್ನೊಂದು ಗೇಣು ಮುಗಿಯಿತು.

ಶನಿವಾರ ಕೋರ್ಟ್ ಓಣಿಯಾಗುತ್ತಾ ಬಂತು. ಮೇಷ್ಟ್ರು ಅದಕ್ಕೆ ತಕ್ಕಂತೆ ತಮ್ಮ ಆಟ ಕಿರಿದು ಮಾಡಿಕೊಂಡರು. ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆ ಎಷ್ಟು ಹತ್ತಿರ ಬಂತೆಂದರೆ, ಉದ್ದಕ್ಕೆ ಹೊಡೆಯುವುದು ಬಿಟ್ಟು ಅವರು ಅದರ ಕಡೆ ತಿರುಗಿ ಒಂದು ಏಟು ಹೊಡೆದರು. ಶಟಲ್ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಮೇಷ್ಟ್ರು ಅದು ಬರುತ್ತದೆಂದು ಎಣಿಸಿರಲಿಲ್ಲ. ಎದೆಗೆ ತಾಗಿ ಕೆಳಗೆ ಬಿತ್ತು. ಎತ್ತಿಕೊಂಡು ಇನ್ನೊಂದು ಹೊಡೆದರು. ಮತ್ತೆ ಬಂತು. ಈ ಸಲ ಅವರೂ ವಾಪಸು ಕೊಟ್ಟರು. ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಅವರ ಸರ್ವಿಸ್‌ಗೆ ಉತ್ತರ ಕೊಟ್ಟಿದ್ದರು. ಆರು, ಏಳು, ಎಂಟು ಎಂದು ಎಣಿಸುತ್ತಾ, ಗೋಡೆಗೆ “ಶಾಬಾಶ್! ಹಾಗೆ! ಮಣಿಕಟ್ಟು ಬಳಸು!” ಎಂದು ಕೂಗತೊಡಗಿದರು. ನಾನು ಆ ಶಾಟ್ ಅನ್ನು ಒಂಬತ್ತು ನಿಮಿಷ ನಿಲ್ಲಿಸಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿತು. ಹೊಸ ಟೌನ್ ಬಸ್ಸು, ಹಾಯಲು ಜಾಗವಿದೆಯೇ ಎಂದು ನೋಡಲು ಖಾಲಿಯಾಗಿ ಬಂದಿತ್ತು. ಅದರ ಹಿಂದೆ ಪುರಸಭೆಯ ಜೆಸಿಬಿ. ಜಯಶೀಲಮ್ಮ ಎರಡು ಕಲ್ಲುಗಳ ನಡುವೆ ಕೆಂಪು ದಾರ ಮತ್ತೆ ಕಟ್ಟಲು ನೋಡಿದರು.

“ಹೊಸ್ತಿಲು ಅಡ್ಡ ಬರ್ತಿದೆ!” ಸರ್ ಕೂಗು ಕೇಳಿತು. “ಇನ್ನೊಂದು ಗೇಣು, ಹೇಮಾ! ಒಂದೇ ಒಂದು!”

ನನ್ನ ಹತ್ತಿರ ಇದ್ದದ್ದೂ ಒಂದೇ ಒಂದು. ಗೋಡೆ ಈಗ ಚೌಕಟ್ಟಿನ ತುಂಬ ಇತ್ತು, ನಟ್ಟನಡುವೆ ಮುಚ್ಚಿದ ಕಿಟಕಿ. ಮೇಷ್ಟ್ರು ಎಡಗಡೆ ಉಸಿರು ಬಿಗಿಹಿಡಿದು ನಿಂತರು. ನಡುವೆ ನೋಡಿದೆ. ಇನ್ನೊಮ್ಮೆ ನೋಡಿದೆ. ಒತ್ತಿದೆ.

ಒತ್ತುವುದಕ್ಕೂ ಕಿಟಕಿ ಬಾಗಿಲು ತೆರೆದುಕೊಳ್ಳುವುದಕ್ಕೂ ಸರಿಹೋಯಿತು. “ಏನಾಯ್ತವ್ವಾ, ಎಲ್ಲಿಗೆ ಬಂತು?” ಎಂದು ತಾಯಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದು ಹೊರಗೆ ನೋಡಿದರು. ಚೌಕಟ್ಟಿನ ನಟ್ಟನಡುವೆ ಅವರ ಮುಖವಿತ್ತು. ಗೋಡೆಯಲ್ಲ, ಕಿಟಕಿಯಲ್ಲ, ತಾಯಕ್ಕ.

ಚಿತ್ರದ ಎಳೆತ ಹೇಗಿರುತ್ತದೆಂದು ನಮ್ಮೂರಿನವರಿಗೆಲ್ಲ ಗೊತ್ತು. ಹೊಕ್ಕುಳಿಗೆ ಹಗ್ಗ ಕಟ್ಟಿ ಯಾರೋ ಮೆಲ್ಲಗೆ ಜಗ್ಗಿದ ಹಾಗೆ. ಅದು ಬಂದಾಗ ನಾವು ಕಾಲು ಸಡಿಲ ಬಿಡುತ್ತೇವೆ, ಹೋಗಿ, ಆಮೇಲೆ ವಾಪಸು ನಡೆದುಬರುತ್ತೇವೆ. ತಾಯಕ್ಕನೂ ಹಾಗೇ ಮಾಡಿದ್ದರೆ ಮುಖ ಕಂಬಿಗೆ ಒತ್ತಿಕೊಂಡು ಅಲ್ಲಿಗೆ ಮುಗಿಯುತ್ತಿತ್ತು. ಅವರ ಕಣ್ಣು ನನ್ನ ಕ್ಯಾಮೆರಾ ಕಂಡಿತು, ಕೆಂಪು ದೀಪ ಕಂಡಿತು. ಎಳೆತ ಬಂದದ್ದು ಅವರ ಭುಜದಲ್ಲಿ ನನಗೆ ಕಾಣಿಸಿತು. ಅವರು ಕಂಬಿಯ ಮೇಲಿನ ಹಿಡಿತ ಬಿಗಿ ಮಾಡಿದರು, ಕೆಳಗೆ ಎಲ್ಲೋ ಗೋಡೆಗೆ ಕಾಲು ಕೊಟ್ಟರು, ನೂರು ಕೇಜಿ ಚೀಲ ಎಳೆಯುವಾಗ ಬಿಡುವಂಥ ಒಂದು ಉಸಿರು ಬಿಟ್ಟರು. ಎಲ್ಲರೂ ಚಿತ್ರ ಎಳೆದ ಕಡೆ ಹೋಗುತ್ತಾರೆ. ತಾಯಕ್ಕ ಗಿರಣಿಯನ್ನೂ ಜೊತೆಗೆ ಕರೆದುಕೊಂಡು ಬಂದರು.

ಮೇಲಿನಿಂದ ಎರಡು ಹೆಂಚು ಜಾರಿ ಬಿದ್ದವು. ಬೀದಿಯ ಕಡೆಯಿಂದ ಜಯಶೀಲಮ್ಮನ ದನಿ: “ವಿಷಯ ಅಂತ ಬರೆದಿದ್ದು ಗೋಡೆ. ತೆಗೆದಿದ್ದು ಹೆಂಗಸನ್ನ. ಇದು ರೂಲ್ಸಲ್ಲಿ ಇಲ್ವಲ್ಲ ಸಾರ್.”

“ದಾರ ಕಟ್ಟಿ ನೋಡಿ ಮೇಡಂ,” ಎಂದರು ಆರಾಧ್ಯ ಸರ್. “ದಾರಕ್ಕೆ ರೂಲ್ಸು ಗೊತ್ತಿಲ್ಲ.”

ಮೇಷ್ಟ್ರು ರ‍್ಯಾಕೆಟ್ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ನಾನು ಎಣಿಸುತ್ತಿದ್ದೆ, ಏನನ್ನು ಎಂದು ಗೊತ್ತಿಲ್ಲ. ಕೊನೆಗೆ ಜಯಶೀಲಮ್ಮ ಹೇಳಿದರು: “ಹೊಸ್ತಿಲಿಗೆ ತಾಗ್ತಿಲ್ಲ. ಬೆರಳು ಹೋಗುವಷ್ಟು ಸಂದಿ ಇದೆ. ಬರ್ಕೊತೀನಿ.”

ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಮೊದಲು ಜುಗ್ಗತನದಿಂದ, ಆಮೇಲೆ ನೋಡಬೇಕೆನಿಸಿ. ತಾಯಕ್ಕ ಕಂಬಿ ಬಿಟ್ಟು, ಅಂಗೈ ಎರಡನ್ನೂ ಸೀರೆಗೆ ಒರೆಸಿಕೊಂಡು, ನಾನೊಬ್ಬಳು ಇದ್ದೇನೆಂಬುದನ್ನೇ ಮರೆತು ಒಳಗೆ ತಿರುಗಿದರು. ಅವರು ಸರಿದ ಮೇಲೆ ಕಿಟಕಿಯಿಂದ ಒಳಗೆಲ್ಲ ಕಾಣುತ್ತಿತ್ತು: ಕಲ್ಲು, ಬೆಲ್ಟು, ಮೋಟಾರು, ಸಾಲಾಗಿಟ್ಟ ಡಬ್ಬಗಳು, ಹಿಟ್ಟಿನ ಧೂಳು ತೇಲುವ ಬಿಸಿಲು. ಅದರಾಚೆ ತೆರೆದ ಮುಂಬಾಗಿಲು, ಅದರಾಚೆ ಬೀದಿ. ಜೆಸಿಬಿ ಹಿಂದಕ್ಕೆ ಹೋಗುವ ಪೀಂಪೀಂ ಕೇಳಿಸಿತು. ಮುಂಬಾಗಿಲಿನ ಬೆಳಕು ನಿಧಾನವಾಗಿ ಹಸಿರಾಯಿತು. ಬಸ್ಸು ಗಿರಣಿಗೆ ಅಂಟಿಕೊಂಡಂತೆ, ಆದರೆ ತಾಗದೆ, ಹಾದುಹೋಗುತ್ತಿತ್ತು. ಅದರ ಬಾಗಿಲು ಗಿರಣಿಯ ಬಾಗಿಲಿಗೆ ಸರಿಯಾಗಿ ಬಂದಾಗ ಸೀಟಿ ಊದಿ ನಿಂತಿತು. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು, ಕೆಳಗಿಳಿಯದೆ, ಕೈ ಚಾಚಿ ಒಂದು ಗೋಧಿಯ ಚೀಲವನ್ನು ಒಳಗೆ ಕೊಟ್ಟ.

“ಬೀಸಿಟ್ಟಿರಿ ಅಕ್ಕಾ, ವಾಪಸ್ ಟ್ರಿಪ್ಪಿಗೆ ತಗೋತೀನಿ.”

ತಾಯಕ್ಕ ಚೀಲ ತೆಗೆದುಕೊಂಡು ಕಲ್ಲಿನ ಕಡೆ ನಡೆದರು. “ನುಣ್ಣಗೋ, ತರಿಯೋ?” ಎಂದು ಕೇಳಿದರು.